ದೇವರ ಪಾತಿಗೆ ಬಿಟ್ಟ ನೀರು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತು, ಎಷ್ಟೋ ಸಲ ಎದ್ದುಹೋಗಿದ್ದೇನೆ. ಮೊದಲು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಅಂದುಕೊಂಡೆ. ಪೊರೆ ತೆಗೆದರು, ಅಕ್ಷರ ನೆಟ್ಟಗೆ ಕಾಣತೊಡಗಿತು. ಆಗ ಮಳೆಗಾಲದ ಮೊಣಕಾಲು ನೋವು ಕಡಿಮೆಯಾಗಲಿ ಅಂದುಕೊಂಡೆ. ಆಮೇಲೆ ಗಣಪತಿ ಹಬ್ಬ ಬಂತು. ಆ ದಿನಗಳಲ್ಲಿ ನನಗೆ ಪೆನ್ನು ಹಿಡಿಯಲು ಆಗುವುದಿಲ್ಲ. ಈಗ ದೀಪಾವಳಿಯೂ ಆಯಿತು. ಇನ್ನು ಯಾವ ಹಬ್ಬದ ಹಿಂದೆಯೂ ಅಡಗಿಕೊಳ್ಳುವಂತಿಲ್ಲ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹೂವಿನ ಬಗ್ಗೆ ಮಾತಾಡುತ್ತಾ ಅಲ್ಲೇ ಉಳಿದುಬಿಡುವ ಮನುಷ್ಯ ನಾನು. ಒಂದು ಗಣೇಶ ಚತುರ್ಥಿಯ ಬೆಳಿಗ್ಗೆ, ಹೊಸ ಬಟ್ಟೆ ತೊಟ್ಟ ಜನರ ನಡುವೆ, ತಪ್ಪು ಮಾಡದ ಒಬ್ಬನನ್ನು ನಾನು ಕಬ್ಬಿಣದ ರಾಡಿನಿಂದ ಹೊಡೆದೆ. ತಪ್ಪು ನನ್ನದಾಗಿತ್ತು. ಅದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ನಾನು ಬೆಳಗಾವಿ ಜಿಲ್ಲೆಯವನು. ಹತ್ತನೆಯ ತರಗತಿ ಮುಗಿಸಿ ಪುಣೆಗೆ ಬಂದೆ. ಹಡಪಸರದ ಕಡೆ ಒಂದು ನರ್ಸರಿಯಲ್ಲಿ ಸಸಿ ಹೊರುತ್ತಿದ್ದೆ, ಆಮೇಲೆ ಮಾಲಿಯಾದೆ, ಕೊನೆಗೆ ವಾಕಡದ ಒಂದು ದೊಡ್ಡ ಹೌಸಿಂಗ್ ಸೊಸೈಟಿಯಲ್ಲಿ ಮಾಲಿಗಳ ಮುಕಾದಮ, ಅಂದರೆ ಮೇಸ್ತ್ರಿಯಾದೆ. ಇರಲು ಪಂಪ್ ಮನೆಯ ಹಿಂದೆ ಒಂದೇ ಕೋಣೆಯ ಖೋಲಿ ಕೊಟ್ಟಿದ್ದರು. ನಾನು, ನನ್ನ ಹೆಂಡತಿ ಅಲ್ಲಿದ್ದೆವು. ಕೆಲಸ ಹೋದರೆ ಖೋಲಿಯೂ ಹೋಗುತ್ತಿತ್ತು.

ಮಾಲಿ ಎಂದರೆ ಮೆತ್ತಗಿನ ಮನುಷ್ಯ ಎಂದು ಫ್ಲ್ಯಾಟಿನ ಜನ ತಿಳಿದಿರುತ್ತಾರೆ. ಮಾಲಿಯ ಕೆಲಸದಲ್ಲಿ ಅರ್ಧಕ್ಕರ್ಧ ಕಡಿಯುವುದು, ಕೀಳುವುದು, ಚಿವುಟುವುದು, ವಿಷ ಹೊಡೆಯುವುದು. ನನಗೆ ಆ ಅರ್ಧ ಚೆನ್ನಾಗಿ ಬರುತ್ತಿತ್ತು. ಕೈಕೆಳಗಿನ ಆಳು ಪೈಪು ತಪ್ಪಾಗಿ ಎಳೆದರೆ ಅದೇ ಪೈಪಿನಿಂದ ಅವನ ಬೆನ್ನಿಗೆ ಬಿಡುತ್ತಿದ್ದೆ. ಒಮ್ಮೆ ಒಂದು ಬೀದಿನಾಯಿ ಗುಲಾಬಿ ಪಾತಿಯಲ್ಲಿ ತಂಪಿಗೆಂದು ಮಣ್ಣು ಕೆದರಿ ಮಲಗಿತ್ತು. ಸಲಿಕೆ ಬೀಸಿ ಎಸೆದೆ, ಅದರ ಹಿಂಗಾಲು ಮುರಿಯಿತು. ಮುಂದೆ ಅದು ಗೇಟಿನ ಬಳಿ ಕುಂಟುತ್ತಾ ಓಡಾಡುವಾಗ ನನ್ನನ್ನು ಕಂಡರೆ ಗೋಡೆಗೆ ಅಂಟಿಕೊಳ್ಳುತ್ತಿತ್ತು. ಅದು ಮರ್ಯಾದೆ ಎಂದು ನಾನು ತಿಳಿದಿದ್ದೆ. ಮನೆಯಲ್ಲೂ ಸಿಟ್ಟು ಬಂದರೆ ತಾಟು ಗೋಡೆಗೆ ಹೋಗುತ್ತಿತ್ತು. ನನ್ನ ಹೆಂಡತಿ ಅದನ್ನು ಎತ್ತಿ, ತಟ್ಟಿ ಸರಿಮಾಡಿ, ಮತ್ತೆ ಅದರಲ್ಲೇ ಬಡಿಸುತ್ತಿದ್ದಳು.

ಸೊಸೈಟಿಯಲ್ಲಿ ಎರಡು ತರಹದ ನೀರಿತ್ತು. ಒಂದು ಬೋರಿನದು. ಇನ್ನೊಂದು ನೆಲಮಾಳಿಗೆಯ ಎಸ್‌ಟಿಪಿಯದು, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದ್ದು. ಎಲ್ಲ ಫ್ಲ್ಯಾಟುಗಳ ಬಚ್ಚಲು, ಅಡುಗೆಮನೆ, ಸಂಡಾಸಿನ ನೀರು ಅಲ್ಲಿಗೆ ಇಳಿಯುತ್ತಿತ್ತು. ದೊಡ್ಡ ಹೊಂಡದಲ್ಲಿ ಗಾಳಿ ಊದಿ ಅದನ್ನು ಕುದಿಯುವ ಹಾಗೆ ಕದಡುತ್ತಿದ್ದರು. ರಾಡಿ ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನು ಮರಳು, ಇದ್ದಿಲಿನ ಮೂಲಕ ಸೋಸಿ, ಕ್ಲೋರಿನ್ ಹಾಕಿ, ಬೇರೆ ಪೈಪಿನಲ್ಲಿ ತೋಟಕ್ಕೆ ಬಿಡುತ್ತಿದ್ದರು. ನೋಡಲು ಅದು ತಿಳಿಯಾಗಿಯೇ ಇರುತ್ತಿತ್ತು. ಬಕೆಟ್ಟಿನಲ್ಲಿ ಹಿಡಿದರೆ ಮಾತ್ರ ಸ್ವಲ್ಪ ಹಳದಿ, ಬಟ್ಟೆ ಸೋಪಿನ ವಾಸನೆ. ಹುಲ್ಲುಹಾಸು, ಬೇಲಿಯ ಗಿಡ, ಗೇಟಿನ ಇಕ್ಕೆಲದ ಕಾಬಾಳೆ ಹೂವು, ಗುಲಾಬಿ ಎಲ್ಲಕ್ಕೂ ಅದೇ ನೀರು.

ಒಂದು ಪಾತಿಗೆ ಮಾತ್ರ ಅದು ನಿಷಿದ್ಧ. ಸೊಸೈಟಿಯ ಒಳಗೆ ಚಿಕ್ಕ ಗಣಪತಿ ಗುಡಿ ಇತ್ತು. ಅದರ ಪಕ್ಕದ ಉದ್ದನೆಯ ಪಾತಿಯಲ್ಲಿ ಚೆಂಡುಹೂವು, ಸೇವಂತಿಗೆ, ಕೆಂಪು ದಾಸವಾಳ, ಒಂದು ಅಂಚಿಗೆ ಗರಿಕೆ ಬೆಳೆಸುತ್ತಿದ್ದೆವು. ಮೂರನೆಯ ಮಹಡಿಯಲ್ಲಿ ಧಾರವಾಡದ ಕಡೆಯ ಒಬ್ಬ ಅಜ್ಜಿ ಇದ್ದರು, ಮಡಿಯವರು. ದೇವರಿಗೆ ಏರುವ ಹೂವಿಗೆ ಸಂಡಾಸಿನ ನೀರು ಸೋಕಬಾರದು ಎಂದು ಕಮಿಟಿಯಲ್ಲಿ ಗಟ್ಟಿಯಾಗಿ ಕೂತು ಮಾತಾಡಿ, ಆ ಪಾತಿಗೆ ಬೋರಿನ ನೀರೇ ಎಂದು ನಿಯಮ ಮಾಡಿಸಿದ್ದರು. ಎಲ್ಲರೂ ಅದನ್ನು ದೇವರ ಪಾತಿ ಎಂದೇ ಕರೆಯುತ್ತಿದ್ದರು. ನೋಡುವ ಹೂವು ಬೇರೆ, ಏರಿಸುವ ಹೂವು ಬೇರೆ.

ಏರಿಸುವ ಹೂವು ನನ್ನ ಹೆಂಡತಿಯ ಪಾಲು. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಗಂಟು ಹಾಕಿ, ಬರಿಗಾಲಿನಲ್ಲಿ ಪಾತಿಗೆ ಇಳಿಯುತ್ತಿದ್ದಳು. ಬಿಡಿಸಿದ ಹೂವನ್ನು ಗುಡಿಯ ಕಟ್ಟೆಯ ಮೇಲೆ ಕೂತು ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ಅವಳು ಶಾಲೆಗೆ ಹೋದವಳಲ್ಲ. ಮಕ್ಕಳಿಲ್ಲ. ಹೂವು ಕಟ್ಟುವಾಗ ಮಾತ್ರ ಅವಳು ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ, ನನ್ನ ಮುಖವನ್ನೂ. ಮಾಲೆ ಮೂರ್ತಿಯ ಕೊರಳಿಗೆ ಬೀಳುವುದನ್ನು ನೋಡಿ, ಕೈ ಮುಗಿದು, ಉಳಿದ ಒಂದು ಹೂವನ್ನು ನಮ್ಮ ಖೋಲಿಯ ಜಗಲಿಯ ಮೇಲಿನ ದೇವರಿಗೆ ತರುತ್ತಿದ್ದಳು.

ಎಸ್‌ಟಿಪಿ ನೋಡಿಕೊಳ್ಳುತ್ತಿದ್ದವನು ವಿಜಯಪುರದ ಕಡೆಯ ಹುಡುಗ. ಹುಡುಗ ಎಂದರೆ ಮೂವತ್ತು ದಾಟಿದವನು, ಆದರೆ ನನಗೆ ಹುಡುಗನೇ. ಗುತ್ತಿಗೆದಾರನ ಕೈಕೆಳಗೆ ಕೆಲಸ. ದಿನವಿಡೀ ನೆಲದಡಿಯ ಆ ವಾಸನೆಯಲ್ಲಿ ಇರುತ್ತಿದ್ದ, ಲಿಫ್ಟಿನಲ್ಲಿ ಜನ ಅವನಿಂದ ಸರಿದು ನಿಲ್ಲುತ್ತಿದ್ದರು. ನನ್ನ ಹೆಂಡತಿ ಸರಿಯಲಿಲ್ಲ. ಅವನ ಬಾಯಲ್ಲಿ ಕನ್ನಡ ಕೇಳಿದ ದಿನವೇ ಕರೆದು ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಅವಳಿಗೆ ಅಣ್ಣತಮ್ಮಂದಿರಿರಲಿಲ್ಲ. ಮುಂದಿನ ನೂಲು ಹುಣ್ಣಿಮೆಗೆ ಅವನ ಕೈಗೆ ರಾಖಿ ಕಟ್ಟಿದಳು. ಅಂದಿನಿಂದ ಅವಳು ಅವನಿಗೆ ಅಕ್ಕ, ನಾನು ಮಾಮಾ. ಅವನು ನಮ್ಮ ಹೊಸ್ತಿಲು ದಾಟುವ ಮೊದಲು ಹೊರಗಿನ ನಲ್ಲಿಯಲ್ಲಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆಯುತ್ತಿದ್ದ. ಅವಳು ಒಳಗಿನಿಂದಲೇ ಗೇಲಿ ಮಾಡುತ್ತಿದ್ದಳು.

“ಚರ್ಮಾನೂ ಸುಲದು ಇಟ್ಟ ಬಾ ಹಂಗಾರ.”

“ಅಕ್ಕಾ, ನಿನ್ನ ದೇವರು ಮೂಗು ಮುಚ್ಚಿಕೊಂಡಾನ ನೋಡು, ಸೊಂಡಿಲಲೆ,” ಅಂತ ಅವನು.

ಆ ವರ್ಷ ಬೇಸಿಗೆ ಕೆಟ್ಟದಾಗಿತ್ತು. ಬೋರು ಕೆಸರು ಕಾರಿ ನಿಂತುಹೋಯಿತು. ಟ್ಯಾಂಕರ್ ನೀರು ಕುಡಿಯಲು, ಅಡುಗೆಗೆ ಮಾತ್ರ. ತೋಟಕ್ಕೆ ಒಂದು ಹನಿಯೂ ಕೊಡುವುದಿಲ್ಲ ಎಂದು ಸೆಕ್ರೆಟರಿ ಹೇಳಿದರು. ದೇವರ ಪಾತಿ ಒಣಗಬಾರದು ಎಂದು ಅಜ್ಜಿ ಹೇಳಿದರು. ಇಬ್ಬರೂ ನನ್ನ ಮುಖ ನೋಡಿದರು. ನೋಡ್ಕೋತೀನಿ ಅಂದೆ.

ಎರಡು ಪೈಪುಗಳ ನಡುವೆ ನೆಲದಲ್ಲಿ ಒಂದು ಕಬ್ಬಿಣದ ಮುಚ್ಚಳದ ಕೆಳಗೆ ವಾಲ್ವ್ ಇತ್ತು. ಅದನ್ನು ತಿರುಗಿಸುವ ಚಾವಿ ಎಂದರೆ ಸೊಂಟದೆತ್ತರದ ರಾಡು, ಮೇಲೆ ಅಡ್ಡ ಹಿಡಿಕೆ. ಅದು ನನ್ನ ಬಳಿಯೇ ಇರುತ್ತಿತ್ತು. ಮಧ್ಯಾಹ್ನ ಊಟವಾಗಿ ಎಲ್ಲರೂ ಪರದೆ ಎಳೆದು ಮಲಗುವ ಹೊತ್ತಿನಲ್ಲಿ ವಾಲ್ವ್ ತೆರೆದೆ. ಸಂಡಾಸಿನ ನೀರು ದೇವರ ಪಾತಿಗೆ ಹರಿಯಿತು. ಒಣಮಣ್ಣು ಅದನ್ನು ಸದ್ದು ಮಾಡುತ್ತಾ ಕುಡಿಯಿತು. ರಾತ್ರಿ ಬೋರಿನಲ್ಲಿ ಊರುವ ನಾಲ್ಕು ಕೊಡ ನೀರನ್ನು ಪಾತಿಗೆ ಹಾಕುತ್ತೇನೆ ಎಂದು ಎಲ್ಲರಿಗೂ, ನನ್ನ ಹೆಂಡತಿಗೂ, ಹೇಳಿದ್ದೆ.

ಹೊಂಡದಲ್ಲಿ ನೀರಿನ ಮಟ್ಟ ಲೆಕ್ಕಕ್ಕಿಂತ ಇಳಿದದ್ದರಿಂದ ಎಸ್‌ಟಿಪಿಯ ಹುಡುಗನಿಗೆ ಕೆಲವೇ ದಿನಗಳಲ್ಲಿ ಗೊತ್ತಾಯಿತು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ. ಹೌದು ಅಂದೆ. ಅಕ್ಕನಿಗೆ ಗೊತ್ತೇ ಎಂದು ಕೇಳಿದ. ಗೊತ್ತಿಲ್ಲ, ಗೊತ್ತಾಗಲೂಬಾರದು ಅಂದೆ. ಅವನು ಪಾತಿಯ ಕಡೆ ತಿರುಗಿ ನೋಡಿದ. “ಅಕಿ ಬರಿಗಾಲಲೆ ಇಳೀತಾಳ್ರಿ ಮಾಮಾ,” ಅಂದ. ನಾನು ಅವನ ಅಂಗಿಯ ಕಾಲರ್ ಹಿಡಿದು ಗೋಡೆಗೆ ಒತ್ತಿ, ಅಕ್ಕನ ಮೇಲೆ ಅಷ್ಟು ಪ್ರೀತಿಯಿದ್ದರೆ ಬಾಯಿ ಮುಚ್ಚಿಕೊಂಡಿರು ಅಂದೆ. ಮುಚ್ಚಿಕೊಂಡಿರುತ್ತೇನೆ ಎಂದು ಮಾತು ಕೊಟ್ಟ. ಅವನು ಮಾತು ಕೊಟ್ಟದ್ದು ಹೀಗೆ, ಗಂಟಲು ನನ್ನ ಮುಷ್ಟಿಯಲ್ಲಿದ್ದಾಗ.

ಇನ್ನು ಹೂವಿನ ಬಗ್ಗೆ ಹೇಳಲೇಬೇಕು. ಆ ನೀರು ಹೂವಿಗೆ ಏನು ಮಾಡುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ಚೆಂಡುಹೂವಿನ ಎಲೆ ಕಪ್ಪಗೆನ್ನಿಸುವಷ್ಟು ಹಸಿರಾಯಿತು, ದಂಟು ಹೆಬ್ಬೆರಳಿನ ದಪ್ಪವಾಯಿತು. ಗೊಬ್ಬರ ಹಾಕದೆಯೇ ಗೊಬ್ಬರ ತಿಂದ ಗಿಡದ ಹಾಗೆ. ಆದರೆ ಬರೀ ಎಲೆ, ಮೊಗ್ಗೇ ಇಲ್ಲ. ನಾನು ಹೆದರಿದೆ. ಕೆಲವು ದಿನ ನೀರು ಬಿಗಿಹಿಡಿದು ಗಿಡಗಳನ್ನು ಬಾಡಿಸಿದೆ. ಆಗ ಒಮ್ಮೆಲೇ ಮೊಗ್ಗು ಒಡೆದು, ಮುಷ್ಟಿಯಷ್ಟು ದೊಡ್ಡ ಹೂವು ಬಿಟ್ಟವು. ಬೋರಿನ ನೀರಿನಲ್ಲಿ ಅಂಥ ಹೂವು ನಾನು ಕಂಡಿರಲಿಲ್ಲ. ಗರಿಕೆ ಎಮ್ಮೆಯ ಮೇವಿನಂತೆ ದಟ್ಟವಾಯಿತು. ಸೇವಂತಿಗೆ ತಡೆದುಕೊಂಡಿತು, ಆದರೆ ಕೆಳಗಿನ ಎಲೆಗಳ ಅಂಚು ಬೀಡಿ ಚುಚ್ಚಿದಂತೆ ಕಂದಿತು. ಕ್ಲೋರಿನ್ ಹೆಚ್ಚಾದ ದಿನ ದಾಸವಾಳದ ಮೊಗ್ಗು ಅರಳದೆ ಉದುರಿದವು. ಮಣ್ಣಿನ ಮೇಲೆ ಉಪ್ಪು ಬಿಳಿಯಾಗಿ ಹೊಮ್ಮುತ್ತಿತ್ತು. ಬೆರಳಿನಿಂದ ಕೆರೆದರೆ ಪುಡಿ. ನಾನು ಮುಂಜಾನೆ ಅದನ್ನು ಕಳೆ ತೆಗೆಯುವ ಕುರ್ಚಿಗೆಯಿಂದ ಕೆರೆದು ಮಣ್ಣಿನಲ್ಲಿ ಮುಚ್ಚುತ್ತಿದ್ದೆ, ಸುಟ್ಟ ಎಲೆಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ನೋಡುವ ಹೂವಿಗಾದರೆ ಅದು ಒಳ್ಳೆಯ ನೀರೇ, ನೋಡಿಕೊಂಡು ಬಳಸಬೇಕು, ಅಷ್ಟೆ. ನಾನು ಅದನ್ನು ಸುಳ್ಳಿಗೆ ಬಳಸಿದೆ.

ಜನ ಹೊಗಳಿದರು. ಧಾರವಾಡದ ಅಜ್ಜಿ ಒಂದು ಚೆಂಡುಹೂವನ್ನು ಕಣ್ಣಿಗೆ ಒತ್ತಿಕೊಂಡು, ನನ್ನ ಕೈಗುಣ ಎಂದರು. ನನ್ನ ಹೆಂಡತಿಯ ಮಾಲೆಗಳು ಮೂರ್ತಿಯ ಪಾದದವರೆಗೂ ಇಳಿಯತೊಡಗಿದವು. ಭಕ್ತಿಯಿಂದ ಹಾಕಿದ ನೀರಾದ್ದರಿಂದ ಹೂವು ಹೀಗೆ ಬರುತ್ತಿವೆ ಎಂದು ಅವಳು ನಂಬಿದಳು. ರಾತ್ರಿ ಊಟಕ್ಕೆ ಬಡಿಸುತ್ತಾ ಹಾಗೆ ಹೇಳಿದಾಗ ಆ ಹುಡುಗನೂ ನನ್ನ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ. ಅವನು ತಲೆ ಎತ್ತಲಿಲ್ಲ.

ಮಳೆ ಬಂತು. ಬೋರು ತುಂಬಿತು. ನನ್ನ ನೆಪ ಅಲ್ಲಿಗೆ ಮುಗಿದಿತ್ತು. ಆದರೂ ಮಳೆ ಬಿಡುವು ಕೊಟ್ಟಾಗಲೆಲ್ಲ ಆ ವಾಲ್ವನ್ನೇ ತೆರೆಯುತ್ತಿದ್ದೆ. ದೊಡ್ಡ ಹೂವಿನ ಹೊಗಳಿಕೆಯ ರುಚಿ ಹತ್ತಿತ್ತು. ಬೇಸಿಗೆಯಲ್ಲಿ ಮಾಡಿದ್ದಕ್ಕೆ ಕಷ್ಟ ಅನ್ನಬಹುದು, ಮಳೆಗಾಲದಲ್ಲಿ ಮಾಡಿದ್ದಕ್ಕೆ ಅನ್ನಲು ನನ್ನ ಬಳಿ ಏನೂ ಇಲ್ಲ.

ಚೌತಿಯ ಹಿಂದಿನ ದಿನ ಬೆಳಿಗ್ಗೆ ಆ ಹುಡುಗ ಓಡಿಬಂದ. ಕೈಗೆಲ್ಲ ಗ್ರೀಸ್.

“ಮಾಮಾ, ಇವತ್ತ ವಾಲ್ ಮುಟ್ಟಬ್ಯಾಡ್ರಿ. ಗಾಳಿ ಮಷೀನು ಕೆಟ್ಟದ. ಹೊಂಡದಾಗ ನೀರು ಹಸೀದು ಅದ, ಕರ್ರಗ ಅದ. ಮೆಕ್ಯಾನಿಕ್ ನಾಳೆ ಬರ್ತಾನ.”

ನಾನು ಮಂಟಪಕ್ಕೆ ಬಾಳೆಕಂಬ ಕಟ್ಟಿಸುತ್ತಿದ್ದೆ. ಆಳುಗಳ ಮುಂದೆ ನನಗೆ ಹೀಗೆ ಮಾಡಿ, ಹೀಗೆ ಮಾಡಬೇಡಿ ಎಂದು ಹೇಳಿದ್ದು ಸಹಿಸಲಾಗಲಿಲ್ಲ. “ಹೇಲಿನ ಹೊಂಡ ಕಾಯಾವ ನೀನು. ಹೂವಿನ ಕೆಲಸ ನನಗ ಕಲಸಬ್ಯಾಡ,” ಅಂದೆ. ಆಳುಗಳು ನಕ್ಕರು. ಅವನು ಹೋದ.

ನಾಲ್ಕು ದಿನದಿಂದ ಮಳೆಯಿರಲಿಲ್ಲ, ಬಿಸಿಲು ಚುರುಗುಟ್ಟುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಚೆಂಡುಹೂವು ಕತ್ತು ಬಾಗಿಸಿದ್ದವು. ನಾಳೆ ಎಲ್ಲರೂ ಗರಿಕೆಗೆ, ಹೂವಿಗೆ ಬರುವವರು. ಪಕ್ಕದಲ್ಲೇ ಬೋರಿನ ನಲ್ಲಿ ಇತ್ತು. ಪೈಪು ಎಳೆದು ಅದನ್ನು ತೆರೆದಿದ್ದರೆ ಮುಗಿಯುತ್ತಿತ್ತು. ಕತ್ತಲಾದ ಮೇಲೆ ನಾನು ಚಾವಿ ಇಳಿಸಿ ಆ ವಾಲ್ವನ್ನೇ ತಿರುಗಿಸಿದೆ. ಯಾಕೆ ಎಂದು ಈಗ ನನ್ನನ್ನೇ ಕೇಳಿಕೊಂಡರೆ ಒಂದೇ ಉತ್ತರ: ಅವನು ಬೇಡ ಅಂದಿದ್ದನಲ್ಲ. ಸ್ವಲ್ಪ ಬಿಟ್ಟು ಮುಚ್ಚೋಣ ಅಂದುಕೊಂಡೆ. ಅಷ್ಟರಲ್ಲಿ ಮಂಟಪದ ಕಡೆ ದೀಪದ ಸರ ಹರಿದುಬಿತ್ತು ಎಂದು ಕರೆದರು. ಹೋದೆ. ಮರೆತೆ.

ಬೆಳಿಗ್ಗೆ ಕಿರುಚಾಟ ಕೇಳಿ ಓಡಿದೆ. ದೇವರ ಪಾತಿ ಕಪ್ಪು ಕೆಸರಿನ ಮಡುವಾಗಿತ್ತು. ನೀರು ಅಂಚು ಮೀರಿ ಗುಡಿಯ ಮೆಟ್ಟಿಲವರೆಗೂ ಬಂದಿತ್ತು. ಅದರಲ್ಲಿ ತೇಲುತ್ತಿದ್ದುದನ್ನು ಬರೆಯುವುದಿಲ್ಲ. ಗರಿಕೆ ಬಿಡಿಸಲು ನಸುಕಿನ ಮಬ್ಬಿನಲ್ಲೇ ರೇಷ್ಮೆ ಸೀರೆಯಲ್ಲಿ ಬರಿಗಾಲಿನಲ್ಲಿ ಇಳಿದಿದ್ದ ಹೆಂಗಸರು ಸೀರೆ ಎತ್ತಿಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದರು. ಧಾರವಾಡದ ಅಜ್ಜಿ ಜಾರಿಬಿದ್ದಿದ್ದರು. ಅವರನ್ನು ಎತ್ತಿದಾಗ ಮಡಿಸೀರೆ, ಕೂದಲು, ಬಾಯಿ ಎಲ್ಲ ಕಪ್ಪಾಗಿತ್ತು. ಅವರು ಅಳುತ್ತಿರಲಿಲ್ಲ, ಬಾಯಿ ತೆರೆದು ಮುಚ್ಚುತ್ತಿದ್ದರು. ನನ್ನ ಹೆಂಡತಿ ಬುಟ್ಟಿ ಹಿಡಿದು ಗುಡಿಯ ಕಟ್ಟೆಗೆ ಒರಗಿ ನಿಂತಿದ್ದಳು. ಅವಳ ಪಾದಗಳೂ ಕಪ್ಪಾಗಿದ್ದವು.

ಗಂಡಸರು ಮಹಡಿಗಳಿಂದ ಇಳಿದುಬಂದರು. ಯಾರು ಬಿಟ್ಟದ್ದು ಎಂದು ಸೆಕ್ರೆಟರಿ ಕೂಗುತ್ತಿದ್ದರು. ಬಿಟ್ಟವನು ಯಾರೇ ಆಗಲಿ, ಇವತ್ತೇ ಹೆಂಡತಿ ಮಕ್ಕಳ ಸಮೇತ ಗೇಟಿನ ಹೊರಗೆ ಅಂದರು. ಯಾರೋ ನನ್ನ ತೋಳು ಹಿಡಿದು ಜಗ್ಗಿದರು: ಮುಕಾದಮ, ನೀನು ಹೇಳು.

ಆಗ ಅವನು ಕಾಣಿಸಿದ. ನಾನು ತೆರೆದಿಟ್ಟಿದ್ದ ವಾಲ್ವನ್ನು ಮುಚ್ಚಲು ಅವನೇ ಓಡಿಬಂದಿದ್ದ. ಚಾವಿ ಅಲ್ಲೇ ಬಿದ್ದಿತ್ತು, ನಾನು ಬಿಟ್ಟುಬಂದ ಜಾಗದಲ್ಲಿ. ಅದನ್ನು ಇಳಿಸಿ ತಿರುಗಿಸಿ, ಕೈಯಲ್ಲಿ ಹಿಡಿದುಕೊಂಡೇ ಜನರತ್ತ ಬಂದ. ಎಲ್ಲರ ಕಣ್ಣೂ ಆ ರಾಡಿನ ಮೇಲೆ ಹೋಯಿತು.

ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದೆ. ಈ ಜನ ಈಗ ಒಬ್ಬನನ್ನು ಹೊಡೆಯುತ್ತಾರೆ, ಮೊದಲ ಏಟು ಯಾರು ಹಾಕುತ್ತಾರೋ ಅವನನ್ನು ಹೊಡೆಯುವುದಿಲ್ಲ ಎಂದು ಯೋಚಿಸಿದೆ. ಅಷ್ಟು ಸ್ಪಷ್ಟವಾಗಿ. ನಾಲ್ಕು ಹೆಜ್ಜೆಯಲ್ಲಿ ಅವನ ಬಳಿ ಹೋಗಿ ರಾಡು ಕಿತ್ತುಕೊಂಡೆ. ಅವನು ಸುಲಭವಾಗಿ ಕೊಟ್ಟ. ಮಾಮಾ ಕೇಳಿದ ಎಂದು ಕೊಟ್ಟ. “ದೇವರ ಪಾತಿಗೆ ಹೇಲು ಬಿಡತೀಯೇನಲೇ?” ಎಂದು ಕೂಗಿ, ಅದನ್ನೇ ಮೇಲಕ್ಕೆತ್ತಿ ಬೀಸಿದೆ. ತಲೆಗೆ ಬೀಳಬೇಕಿತ್ತು, ಅವನು ಬಲಗೈ ಅಡ್ಡ ತಂದ. ಮಣಿಕಟ್ಟು ಮುರಿದ ಸದ್ದು ಕೇಳಿತು. ಒಣಗಿದ ದಾಸವಾಳದ ಕೊಂಬೆ ಮುರಿದಂತೆ. ರಾಖಿಯ ದಾರ ಇನ್ನೂ ಆ ಕೈಯಲ್ಲೇ ಇತ್ತು.

ಎರಡನೆಯ ಏಟು ಕಿವಿಯ ಮೇಲೆ ಬಿತ್ತು. ಅವನು ಕುಸಿದ. ಆಮೇಲೆ ನಾನು ಹೊಡೆಯಬೇಕಾಗಲಿಲ್ಲ. ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವವರು, ನಿವೃತ್ತ ಮೇಷ್ಟ್ರು, ನನಗೆ ದಿನಾ ನಮಸ್ಕಾರ ಹೇಳುತ್ತಿದ್ದ ವಾಚ್‌ಮನ್, ಎಲ್ಲರೂ ಮುಗಿಬಿದ್ದರು. ಅವನನ್ನು ಕಾಲು ಹಿಡಿದು ಆ ಕಪ್ಪು ನೀರಿಗೆ ಎಳೆದರು. ತಲೆಗೂದಲು ಹಿಡಿದು ಮುಖ ಅದರಲ್ಲಿ ಅದ್ದಿದರು, ಎತ್ತಿದರು, ಮತ್ತೆ ಅದ್ದಿದರು. ಒಬ್ಬ ಮೊಬೈಲಿನಲ್ಲಿ ತೆಗೆಯುತ್ತಿದ್ದ. ಅವನು ಎದ್ದಾಗಲೆಲ್ಲ ಮುಖ ಒರೆಸಿಕೊಳ್ಳದೆ ಸುತ್ತ ನೋಡುತ್ತಿದ್ದ. ನನ್ನನ್ನು ನೋಡಿದ. ಒಂದು ಮಾತು ಸಾಕಿತ್ತು: ಬಿಟ್ಟವನು ಇವನು. ಅವನು ಹೇಳಲಿಲ್ಲ.

ಆಗ ನನ್ನ ಹೆಂಡತಿ ಜನರನ್ನು ಸರಿಸಿಕೊಂಡು ಬಂದಳು. ಹಿಡಿದಿದ್ದವರು ಅವನನ್ನು ಬಿಟ್ಟರು. ಅವನು ಮೊಣಕಾಲ ಮೇಲೆ ಕೂತಿದ್ದ, ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಅವಳು ಅವನಿಗಷ್ಟೇ ಕೇಳುವಂತೆ ಮೆಲ್ಲಗೆ ಕೇಳಿದಳು. ನಾನು ಪಕ್ಕದಲ್ಲೇ ಇದ್ದುದರಿಂದ ನನಗೂ ಕೇಳಿತು.

“ನೀನ ಬಿಟ್ಟೇನೋ?”

ಅವನು ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದ. ಕಾಯುತ್ತಿದ್ದ. ನಾನು ಹೇಳಲಿ ಎಂದು ಕಾಯುತ್ತಿದ್ದ. ನಾನು ರಾಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದೆ.

“ಇನ್ನ ನನಗ ಅಕ್ಕ ಅನಬ್ಯಾಡ,” ಅಂದಳು. ಬುಟ್ಟಿಯನ್ನು ಕೆಸರಿನಲ್ಲಿ ಬಿಟ್ಟು ಖೋಲಿಗೆ ಹೋದಳು. ಅಷ್ಟು ಹೊತ್ತಿನ ಹೊಡೆತದಲ್ಲಿ ಅಳದವನು ಆಗ ಅತ್ತ. ಬಾಯಿ ದೊಡ್ಡದು ಮಾಡಿ, ಸಣ್ಣ ಮಕ್ಕಳ ಹಾಗೆ.

ಗುತ್ತಿಗೆದಾರ ರಿಕ್ಷಾ ತಂದು ಅವನನ್ನು ಹಾಕಿಕೊಂಡು ಹೋದ. ಪೊಲೀಸರಿಗೆ ಯಾರೂ ಹೇಳಲಿಲ್ಲ, ಹಬ್ಬದ ದಿನ ಬೇಡ ಅಂದರು. ಹಿಂದಿನ ದಿನ ಅವನ ಎಚ್ಚರಿಕೆ ಕೇಳಿದ್ದ ಆಳುಗಳು ನನಗೆ ಹೆದರಿ ಬಾಯಿ ಬಿಡಲಿಲ್ಲ. ಆಮೇಲೆ ಜನ ಪಾತಿಯ ಮೇಲೆ ತಿರುಗಿಬಿದ್ದರು. ಚೆಂಡುಹೂವಿನ ಗಿಡಗಳನ್ನು ಬುಡಸಮೇತ ಕಿತ್ತು ಗೋಡೆಗೆ ಬಡಿದರು, ಸೇವಂತಿಗೆಯನ್ನು ತುಳಿದರು, ದಾಸವಾಳವನ್ನು ಬಾಗಿಸಿ ಮುರಿದರು. ಹೆಂಗಸರೂ ಕಿತ್ತರು. ಮಣ್ಣಿನಿಂದ ಬೇರು ಹರಿಯುವ ಸದ್ದು ಬಹಳ ಹೊತ್ತು ನಡೆಯಿತು. ನಾನೂ ಅವರ ಜೊತೆ ನಿಂತು ಕಿತ್ತೆ, ಎಲ್ಲರಿಗಿಂತ ಜೋರಾಗಿ. ಸಂಜೆ ಸೆಕ್ರೆಟರಿ ನನ್ನ ಹೆಗಲ ಮೇಲೆ ಕೈಯಿಟ್ಟು, ನೀನು ಸರಿಯಾದ ಹೊತ್ತಿಗೆ ಹಿಡಿದೆ ಅಂದರು. ಖೋಲಿ ಉಳಿಯಿತು.

ನನ್ನ ಹೆಂಡತಿ ಉಳಿಯಲಿಲ್ಲ, ಅಂದರೆ ಇದ್ದ ಹಾಗೆ ಉಳಿಯಲಿಲ್ಲ. ಹಬ್ಬದ ದಿನಗಳೆಲ್ಲ ಪಾದಗಳನ್ನು ಇಟ್ಟಿಗೆ ಚೂರಿನಿಂದ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡಳು. ದೇವರುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಗೋಮೂತ್ರ ಚಿಮುಕಿಸಿದಳು. ಆಳಂದಿಗೆ ಯಾತ್ರೆಯೆಂದು ನಡೆದುಹೋಗಿ ಬಂದಳು. ತನ್ನ ತಮ್ಮನಂಥವನು ದೇವರಿಗೆ ಹೀಗೆ ಮಾಡಿದ, ತಾನು ಅವನಿಗೆ ಅನ್ನ ಹಾಕಿದ್ದೆ, ಹಾಗಾಗಿ ಪಾಪದಲ್ಲಿ ತನಗೂ ಪಾಲಿದೆ ಎಂದು ಅವಳ ನಂಬಿಕೆ. ಅಂದಿನಿಂದ ಇಂದಿನವರೆಗೆ ಅವಳು ದೇವರಿಗೆ ಹೂವು ಏರಿಸಿಲ್ಲ. ಬರೀ ಅಕ್ಕಿಕಾಳು. ಹೂವು ಮುಟ್ಟುವ ಯೋಗ್ಯತೆ ಹೋಯಿತು ಅನ್ನುತ್ತಾಳೆ. ಎರಡು ವರ್ಷಗಳಿಂದ ಅವಳ ಬೆರಳುಗಳು ಗಂಟುಬಿದ್ದು ಒಳಕ್ಕೆ ಮಡಚಿಕೊಂಡಿವೆ. ಡಾಕ್ಟರು ವಾತ ಅಂದರು. ಅವಳು ನಂಬಲಿಲ್ಲ.

ಅವಳು ತಿಳಿದಿರುವುದು ಒಂದು ದಿನದ ನೀರು ಎಂದು. ಆ ಬೇಸಿಗೆಯಿಂದ ಅವಳು ಕಟ್ಟಿದ ಒಂದೊಂದು ಮಾಲೆಯೂ, ನಮ್ಮ ಜಗಲಿಗೆ ತಂದಿಟ್ಟ ಒಂದೊಂದು ಹೂವೂ ಅದೇ ನೀರಿನದು ಎಂದು ಅವಳಿಗೆ ಗೊತ್ತಿಲ್ಲ. ಅವನ ಮೇಲಿನ ಸುಳ್ಳನ್ನು ತೆಗೆಯಲು ಹೋದರೆ ಅದನ್ನೂ ಹೇಳಬೇಕಾಗುತ್ತದೆ. ನಾನು ಇಷ್ಟು ದಿನ ಬಾಯಿ ಕಟ್ಟಿಕೊಂಡದ್ದು ಅದಕ್ಕೆ. ಅವಳು ತಡೆದುಕೊಳ್ಳಲಾರಳು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ತಡೆದುಕೊಳ್ಳಲಾರದವನು ನಾನೇ ಇರಬಹುದು.

ಈಗ ಕೆಲಸ ಬಿಟ್ಟು ಹಡಪಸರದಲ್ಲಿ ಬಾಡಿಗೆಗೆ ಇದ್ದೇವೆ. ಅವನು ಯೆರವಡಾದ ಜೋಪಡಿ ವಸ್ತಿಯಲ್ಲಿ ಇಸ್ತ್ರಿ ಅಂಗಡಿ ಹಾಕಿದ್ದಾನೆ ಎಂದು ಆ ಗುತ್ತಿಗೆದಾರನ ಕಡೆಯವರೊಬ್ಬರಿಂದ ತಿಳಿದು, ಈ ಸಲದ ಚೌತಿಗೆ ಮೊದಲು ಹೋದೆ. ಬಲಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಇದ್ದಿಲಿನ ಭಾರದ ಇಸ್ತ್ರಿಯನ್ನು ಎಡಗೈಯಲ್ಲಿ ಒತ್ತುತ್ತಿದ್ದ. ನನ್ನನ್ನು ಕಂಡವನೇ ಇಸ್ತ್ರಿ ಪಕ್ಕಕ್ಕಿಟ್ಟು ಸ್ಟೂಲು ಒರೆಸಿದ.

“ಬರ್ರಿ ಮಾಮಾ. ಈ ಕಡೆ ಕೂಡ್ರಿ, ಆ ಕಿವಿ ಕೇಳಂಗಿಲ್ಲ.”

ನಾನು ಕೂಡಲಿಲ್ಲ. ರಸ್ತೆಯಲ್ಲಿ ಜನ ನೋಡುತ್ತಿದ್ದರು, ಅವನ ಕಾಲಿಗೆ ಬಿದ್ದೆ. ತಪ್ಪಾಯಿತು ಎಂದೆ. ಎತ್ತಲು ಅವನಿಗೆ ಒಂದೇ ಕೈ, ನನಗೆ ಮೊಣಕಾಲು ಇಲ್ಲ. ಇಬ್ಬರೂ ಒದ್ದಾಡಿದೆವು. ಚಹಾ ತರಿಸಿದ. ಹೊಡೆದದ್ದರ ಬಗ್ಗೆ ಮಾತಾಡಲು ಹೋದರೆ ತಡೆದ. ಹೊಡೆತ ಎಂದೋ ಮಾಗಿತು, ಅದು ಬಿಡಿ ಅಂದ. ಮದುವೆಯಾಗಿದ್ದಾನಂತೆ, ಮಗಳಿದ್ದಾಳಂತೆ. ಚಹಾ ಮುಗಿಯುವವರೆಗೂ ಅವನು ಕೇಳಲೋ ಬೇಡವೋ ಎಂದು ಒದ್ದಾಡುತ್ತಿದ್ದುದು ಕಾಣುತ್ತಿತ್ತು. ಕೊನೆಗೆ ಕೇಳಿದ.

“ಅಕ್ಕಗ ಹೇಳೀರೇನು?”

ನಾನು ಲೋಟದ ತಳ ನೋಡಿದೆ.

“ನನಗ ಮತ್ತೇನೂ ಬ್ಯಾಡ್ರಿ ಮಾಮಾ. ಅಕಿ ಒಮ್ಮೆ ನಾ ಮಾಡಿಲ್ಲ ಅಂತ ತಿಳಕೊಂಡ್ರ ಸಾಕು. ನಾ ಹೇಳೂದಲ್ಲ ಅದು. ನೀವು ಹೇಳೂದು.”

ಹೇಳುತ್ತೇನೆ ಅಂದೆ. ಹಿಂದೆ ಅವನು ಮಾತು ಕೊಟ್ಟು ಉಳಿಸಿಕೊಂಡಿದ್ದ. ಈ ಸಲ ಕೊಟ್ಟವನು ನಾನು.

ಮನೆಗೆ ಬಂದಾಗ ಅವಳು ದೀಪ ಹಚ್ಚುತ್ತಿದ್ದಳು. ಕಡ್ಡಿ ಹಿಡಿಯಲು ಬೆರಳು ಕೂಡುವುದಿಲ್ಲ, ಎರಡು ಅಂಗೈಗಳ ನಡುವೆ ಹಿಡಿದು ಗೀರುತ್ತಾಳೆ. ಅಕ್ಕಿಕಾಳು ಎಣ್ಣೆಯಲ್ಲಿ ಅಂಟಿ ದೇವರ ಮುಂದೆ ಬಿದ್ದಿದ್ದವು. ಗೋಡೆಗೆ ಒರಗಿ ಕೂತೆ. ಯೆರವಡಾಕ್ಕೆ ಹೋಗಿದ್ದೆ ಅಂದೆ. ಕಡ್ಡಿ ಅವಳ ಅಂಗೈಗಳ ನಡುವೆ ಉರಿದು ಕಪ್ಪಾಯಿತು, ಅವಳು ಕೆಳಗೆ ಹಾಕಲಿಲ್ಲ.

“ಅವಾ ಸಿಕ್ಕಿದ್ದನೇನು?” ಅಂದಳು. ನಾನು ಬಾಯಿ ತೆರೆಯುವ ಮೊದಲೇ, “ಸಿಕ್ಕಿದ್ರೂ ನನ್ನ ಮುಂದ ಹೇಳಬ್ಯಾಡ್ರಿ,” ಅಂದಳು.

ನಾನು ಆ ಮಾತಿನ ಹಿಂದೆ ಅಡಗಿದೆ. ಹೇಳಬೇಡ ಅಂದಳಲ್ಲ ಎಂದು ಊಟ ಮಾಡಿದೆ, ಮಲಗಿದೆ. ಚೌತಿ ಬಂತು, ಹೋಯಿತು. ಈಗ ಬರೆಯುತ್ತಿದ್ದೇನೆ. ಅವಳು ಅಲ್ಲೇ, ಒಲೆಯ ಮುಂದೆ ಕೂತು ಬೆರಳಿಗೆ ಎಣ್ಣೆ ತಿಕ್ಕುತ್ತಿದ್ದಾಳೆ. ಏನು ಬರೀತೀರಿ ಎಂದು ಎರಡು ಸಲ ಕೇಳಿದಳು. ಓದಲು ಬಾರದವಳ ಎದುರು ಕೂತು ಬರೆಯುವುದಕ್ಕೆ ಧೈರ್ಯ ಬೇಕಾಗಿಲ್ಲ. ಇದು ತಪ್ಪೊಪ್ಪಿಗೆ ಎಂದು ಯಾರಾದರೂ ಓದಿ ನನ್ನನ್ನು ಮೆಚ್ಚಿದರೆ ಅದೂ ಆ ದೊಡ್ಡ ಚೆಂಡುಹೂವಿನ ಹೊಗಳಿಕೆಯಂಥದೇ.

ಅವನ ಕಾಲಿಗೆ ನಾನು ಬಿದ್ದಾಗಿದೆ. ಅಜ್ಜಿ ತೀರಿಕೊಳ್ಳುವ ಮೊದಲು ಅವರ ಹಾಸಿಗೆಯ ಪಕ್ಕ ನಿಂತು ತಪ್ಪಾಯಿತು ಎಂದಿದ್ದೆ, ಯಾವ ತಪ್ಪು ಎಂದು ಅವರಿಗೆ ತಿಳಿಯದಿದ್ದರೂ. ನಾನು ಇದುವರೆಗೂ ಕ್ಷಮೆ ಕೇಳದೆ ಇರುವುದು ಇಡೀ ಬೇಸಿಗೆ ನನ್ನನ್ನು ನಂಬಿ ಬರಿಗಾಲಿನಲ್ಲಿ ಆ ಪಾತಿಗೆ ಇಳಿದವಳನ್ನು, ನಾನು ಸುಳ್ಳು ಹೇಳಿ ಯಾರ ತಮ್ಮನನ್ನು ಕಿತ್ತುಕೊಂಡೆನೋ ಅವಳನ್ನು, ನನ್ನ ಹೆಂಡತಿಯನ್ನು.